ಮರಿ ನೋಡುವ ಮೊದಲು ತಾಯಿಯನ್ನು ನೋಡಿ

ನಾಯಿಮರಿ ಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ದಾವಣಗೆರೆ. 9 ವರ್ಷದ ಮಗಳು ಲ್ಯಾಬ್ರಡಾರ್ ಬೇಕೇ ಬೇಕು ಅಂತ ಹಠ ಹಿಡಿದಿದ್ದಾಳೆ. ಆನ್‌ಲೈನ್ ಜಾಹೀರಾತು ನೋಡಿ ಬೆಂಗಳೂರಿನ ಒಬ್ಬರಿಗೆ ಫೋನ್ ಮಾಡಿದೆವು. ಮರಿಗೆ 35 ದಿನ, ‘ಡಬಲ್ ಬೋನ್’, ಬೆಲೆ 9,000 ರೂಪಾಯಿ, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಬೇಕಿದ್ದರೆ ಇನ್ನೂ 5,000 ಎಂದರು. ಬಂದು ನೋಡ್ತೀವಿ ಅಂದರೆ, ‘ಬೇಡ, ಮರಿಗಳಿಗೆ ಇನ್ಫೆಕ್ಷನ್ ಆಗುತ್ತೆ, 3,000 ಅಡ್ವಾನ್ಸ್ ಹಾಕಿ, ಬಸ್ಸಿಗೆ ಹಾಕಿ ಕಳಿಸ್ತೀನಿ’ ಅನ್ನುತ್ತಾರೆ. ಹಾಕಬಹುದಾ? ಒಳ್ಳೆಯ ಬ್ರೀಡರ್ ಅಂತ ಗುರುತಿಸೋದು ಹೇಗೆ?

ಉತ್ತರ: ಅಡ್ವಾನ್ಸ್ ಹಾಕಬೇಡಿ. ಹಾಕುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೇಳುವುದು ಮರಿ ಕಾಯಿಲೆ ಬಿದ್ದ ಮೇಲೆ.

ನಮ್ಮ ಹಳ್ಳಿಗಳಲ್ಲಿ ಹೆಣ್ಣುಗರು ಕೊಳ್ಳುವಾಗ ಏನು ಮಾಡುತ್ತಾರೆ? ಕರುವಿನ ಮುಖ ನೋಡಿ ದುಡ್ಡು ಕೊಡುವುದಿಲ್ಲ. ಅದರ ತಾಯಿ ಎಷ್ಟನೇ ಸೂಲು, ಎಷ್ಟು ಲೀಟರ್ ಕರೆಯುತ್ತೆ, ಒದೆಯುತ್ತಾ, ಕೆಚ್ಚಲು ಬಾವು ಬಂದಿತ್ತಾ ಅಂತೆಲ್ಲ ಕೇಳಿ, ಕೊಟ್ಟಿಗೆಗೆ ಹೋಗಿ ತಾಯಿಯನ್ನು ಕಣ್ಣಾರೆ ನೋಡಿ ಆಮೇಲೆ ಮಾತಿಗೆ ಕೂರುತ್ತಾರೆ. ನಾಯಿಮರಿ ವಿಷಯದಲ್ಲಿ ಮಾತ್ರ ನಾವು ಇದನ್ನು ಪೂರ್ತಿ ಮರೆತಿದ್ದೇವೆ. ಮೊಬೈಲಿನಲ್ಲಿ ಬಂದ ಒಂದು ಫೋಟೊ ಸಾಕಾಗುತ್ತದೆ. ನಿಮಗೆ ಹೇಳುವುದು ಇಷ್ಟೇ: ಮರಿ ನೋಡಲು ಹೋಗಬೇಡಿ, ತಾಯಿಯನ್ನು ನೋಡಲು ಹೋಗಿ. ಮರಿ ಆರು ವಾರಕ್ಕೆ ಎಲ್ಲ ತಳಿಯಲ್ಲೂ ಮುದ್ದಾಗಿಯೇ ಇರುತ್ತದೆ. ಅದು ಮುಂದೆ ಏನಾಗುತ್ತದೆ ಎನ್ನುವುದು ತಾಯಿಯನ್ನು ನೋಡಿದರೆ ತಿಳಿಯುತ್ತದೆ.

ಮನೆಗೆ ಬರಬೇಡಿ ಅನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಲಸಿಕೆ ಪೂರ್ತಿಯಾಗದ ಮರಿಗಳಿಗೆ, ವಾಂತಿ, ರಕ್ತ ಭೇದಿ ತರುವ ಪಾರ್ವೊ ವೈರಸ್ ಚಪ್ಪಲಿಯ ಜೊತೆಗೂ ಬರಬಹುದು. ಅದಕ್ಕೇ ಕಾಳಜಿ ಇರುವವರು ಮೊದಲು ವಿಡಿಯೊ ಕಾಲ್‌ನಲ್ಲಿ ತಾಯಿ, ಮರಿ ಎರಡನ್ನೂ ತೋರಿಸುತ್ತಾರೆ. ಹೋದಾಗ ಚಪ್ಪಲಿ ಹೊರಗೆ ಬಿಡಿ, ಕೈ ತೊಳೆಯಿರಿ, ಅವತ್ತೇ ಇನ್ನೊಂದು ಕಡೆ ನಾಯಿ ಮುಟ್ಟಿ ಬಂದಿದ್ದರೆ ನಾಳೆ ಬನ್ನಿ ಅನ್ನುತ್ತಾರೆ. ಮರಿಗಳು ಇನ್ನೂ ಕಣ್ಣು ಬಿಡುತ್ತಿದ್ದರೆ ಎರಡು ವಾರ ಬಿಟ್ಟು ಬನ್ನಿ ಎಂದೂ ಹೇಳಬಹುದು. ಆದರೆ ಬರಲೇಬೇಡಿ ಅನ್ನುವುದಿಲ್ಲ. ಹಾಗೆ ಹೇಳುವವರ ಹತ್ತಿರ ತೋರಿಸಲು ತಾಯಿಯೇ ಇಲ್ಲದಿರಬಹುದು. ಎಲ್ಲಿಂದಲೋ ಮರಿ ತರಿಸಿ ಮಾರುವ ಮಧ್ಯವರ್ತಿ ಇರಬಹುದು. ಇಲ್ಲವೇ ತಾಯಿ ಇರುವ ಜಾಗ ತೋರಿಸುವ ಹಾಗಿಲ್ಲದಿರಬಹುದು.

ಇನ್ನು ವಯಸ್ಸು. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ 8 ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ. 35 ದಿನಕ್ಕೇ ಮಾರುವುದು ಯಾಕೆ ಗೊತ್ತಾ? ಆಗ ಮರಿ ಹತ್ತಿಯ ಉಂಡೆಯ ಹಾಗಿರುತ್ತದೆ, ಬೇಗ ಹೋಗುತ್ತದೆ. ಲಸಿಕೆಯ ಖರ್ಚೂ ಉಳಿಯುತ್ತದೆ. ಆದರೆ ಮೂರನೇ ವಾರದಿಂದ ಎಂಟನೇ ವಾರದವರೆಗೆ ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಹತ್ತಿರ. ತಮ್ಮನ ಕಿವಿಯನ್ನು ಜೋರಾಗಿ ಕಚ್ಚಿದರೆ ಅವನು ಕಿರುಚಿ ಆಟ ಬಿಡುತ್ತಾನೆ. ಅಮ್ಮನನ್ನು ಕಚ್ಚಿದರೆ ಗುರ್ ಅನ್ನುತ್ತಾಳೆ. ಹಲ್ಲನ್ನು ಎಷ್ಟು ಮೆತ್ತಗೆ ಊರಬೇಕು ಅನ್ನುವ ಪಾಠ ಇದು. ಈ ಪಾಠ ಸಿಗದ ಮರಿ ನಿಮ್ಮ ಮಗಳ ಕೈಮೇಲೆ ಅದನ್ನು ಕಲಿಯಬೇಕಾಗುತ್ತದೆ.

ಅದೇ ನಿಯಮ ಇನ್ನೂ ಕೆಲವು ಮಾತು ಹೇಳುತ್ತದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದಕ್ಕಿಂತ ಜಾಸ್ತಿ ಇಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ‘ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ?’ ಎಂದು ಸುಮ್ನೆ ಮಾತಿನ ನಡುವೆ ಕೇಳಿ. ಬೆದೆಗೆ ಬಂದಾಗಲೆಲ್ಲ ಮರಿ ಹಾಕಿಸಿದ ನಾಯಿಯ ಮೈ ನೋಡಿದರೇ ಗೊತ್ತಾಗುತ್ತದೆ. ಹೊಟ್ಟೆ ಜೋತು ಬಿದ್ದಿರುತ್ತದೆ, ಬೆನ್ನು ಬಾಗಿರುತ್ತದೆ, ಕಣ್ಣಲ್ಲಿ ಆಸೆ ಇರುವುದಿಲ್ಲ. ಆದರೆ ಒಂದು ಮಾತು. ಎಂಟು ಮರಿಗೆ ಹಾಲೂಡುತ್ತಿರುವ ಬಾಣಂತಿ ಸ್ವಲ್ಪ ಬಡಕಲಾಗಿರುವುದು, ಕೂದಲು ಉದುರಿರುವುದು ಸಹಜ. ಅಷ್ಟಕ್ಕೇ ಬ್ರೀಡರ್ ಸರಿಯಿಲ್ಲ ಅಂದುಕೊಳ್ಳಬೇಡಿ. ಅವಳು ಬಾಲ ಅಲ್ಲಾಡಿಸುತ್ತಾ ಮಾಲೀಕರ ಕಾಲಿಗೆ ಒರಗುತ್ತಾಳಾ, ಅಥವಾ ಅವರ ಕೈ ಮೇಲೆದ್ದರೆ ಮುದುಡಿ ಹಿಂದೆ ಸರಿಯುತ್ತಾಳಾ, ಅದನ್ನು ನೋಡಿ. ಅಂಜುಬುರುಕ ತಾಯಿಯ ಮರಿಗಳು ಅಂಜುಬುರುಕಾಗುವುದು ಹೆಚ್ಚು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಮ್ಮವರು ಹೇಳಿದ್ದು ನಾಯಿಗೂ ನಿಜ.

‘ಡಬಲ್ ಬೋನ್’ ಅನ್ನುವ ಲ್ಯಾಬ್ರಡಾರ್ ಯಾವ ತಳಿ ಪುಸ್ತಕದಲ್ಲೂ ಇಲ್ಲ. ‘ಹೆವಿ ಬೋನ್’, ‘ಪಂಚ್ ಫೇಸ್’ ಇವೆಲ್ಲ ಸಂತೆ ಮಾತು. ದಪ್ಪ ಕಾಲು, ದೊಡ್ಡ ತಲೆ ನೋಡಿ ಹೆಚ್ಚು ದುಡ್ಡು ಕೊಡುವವರು ಇರುವುದರಿಂದ ಹುಟ್ಟಿದ ಮಾತು. ನನಗೆ ಇದರ ಬಗ್ಗೆ ನಿಜಕ್ಕೂ ಸಂಕಟವಿದೆ. ಯಾಕೆಂದರೆ ಲ್ಯಾಬ್ರಡಾರ್‌ನ ದೊಡ್ಡ ತೊಂದರೆಯೇ ಸೊಂಟದ ಕೀಲು. ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಸರಿಯಾಗಿ ಕೂರದೆ ಸಡಿಲವಾಗಿ, ಸವೆದು, ನೋವು ಶುರುವಾಗುತ್ತದೆ. ಹಿಪ್ ಡಿಸ್‌ಪ್ಲೇಸಿಯಾ ಅನ್ನುತ್ತೇವೆ. ಇದು ಅಪ್ಪ ಅಮ್ಮನಿಂದ ಬರುತ್ತದೆ, ಮರಿಯ ತೂಕ ಏರಿದಂತೆ ಬೆಳೆಯುತ್ತದೆ. ಅದರ ಮೇಲೆ ಈ ತಳಿಗೆ ತಿನ್ನುವ ಆಸೆ ಬೇರೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ರಡಾರ್‌ಗಳಲ್ಲಿ ಹಸಿವು ಹೆಚ್ಚಿಸುವ ಒಂದು ಜೀನ್ ಬದಲಾವಣೆಯನ್ನು ಗುರುತಿಸಿದರು. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಅದಿದೆ. ಹುಟ್ಟಾ ಹೊಟ್ಟೆಬಾಕ ನಾಯಿಯನ್ನು ಇನ್ನೂ ದಪ್ಪಗೆ ಕಾಣಲಿ ಅಂತ ತಿನ್ನಿಸಿ ಬೆಳೆಸಿದರೆ ಸೊಂಟ ತಡೆಯುತ್ತಾ? ಎರಡು ವರ್ಷ ತುಂಬದ ನಾಯಿ ಮೆಟ್ಟಿಲ ಕೆಳಗೆ ನಿಂತು, ಹತ್ತಲಾರದೆ ಮನೆಯವರ ಮುಖ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹಾಗಾಗಿ ಕೇಳಬೇಕಾದ ಪರೀಕ್ಷೆ ಮುಖ್ಯವಾಗಿ ಎರಡು. ಒಂದು, ಅಪ್ಪ ಅಮ್ಮ ಇಬ್ಬರ ಸೊಂಟದ ಎಕ್ಸ್‌ರೇ. ಅದನ್ನು ಒಂದು ವರ್ಷ ದಾಟಿದ ಮೇಲೆ ತೆಗೆಸಿರಬೇಕು, ಎರಡು ವರ್ಷಕ್ಕೆ ತೆಗೆಸಿದ್ದರೆ ಇನ್ನೂ ನಂಬಬಹುದು. ಮೊಣಕೈ ಎಕ್ಸ್‌ರೇಯೂ ಇದ್ದರೆ ಬಹಳ ಒಳ್ಳೆಯದು. ಎರಡು, ಪಿಆರ್‌ಎ ಎಂಬ ಕಣ್ಣಿನ ಕಾಯಿಲೆಯ ಡಿಎನ್‌ಎ ಪರೀಕ್ಷೆ. ಇದರಲ್ಲಿ ಮೊದಲು ಇರುಳುಗುರುಡು, ಆಮೇಲೆ ಪೂರ್ತಿ ಕುರುಡು. ಲ್ಯಾಬ್ರಡಾರ್‌ನಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ಮರಿಗೆ ಕಾಯಿಲೆ ಬರಬೇಕಾದರೆ ಕೆಟ್ಟ ಜೀನ್ ಎರಡೂ ಕಡೆಯಿಂದ ಬರಬೇಕು. ಅಪ್ಪ ಅಮ್ಮ ಇಬ್ಬರೂ ಅದನ್ನು ಬಚ್ಚಿಟ್ಟುಕೊಂಡಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇಬ್ಬರಲ್ಲಿ ಒಬ್ಬರಿಗೆ ಆ ಕೆಟ್ಟ ಜೀನ್ ಇಲ್ಲದಿದ್ದರೂ ಸಾಕು, ಯಾವ ಮರಿಯೂ ಇದರಿಂದ ಕುರುಡಾಗುವುದಿಲ್ಲ. ಇಷ್ಟು ಸುಲಭದಲ್ಲಿ ತಪ್ಪಿಸಬಹುದಾದ ಕುರುಡುತನ ಇದು. ‘ಡಾಕ್ಟರ್ ನೋಡಿದ್ದಾರೆ, ಎಲ್ಲ ಚೆನ್ನಾಗಿದೆ’ ಅನ್ನುವುದು ಪರೀಕ್ಷೆ ಅಲ್ಲ. ಸ್ಟೆತಸ್ಕೋಪ್ ಇಟ್ಟರೆ ಸೊಂಟ ಕಾಣುವುದಿಲ್ಲ.

ನಮ್ಮ ಕಡೆ ಇವನ್ನೆಲ್ಲ ಮಾಡಿಸಿದ ಬ್ರೀಡರ್ ಸಿಗುವುದು ಕಷ್ಟ, ಒಪ್ಪುತ್ತೇನೆ. ಹುಡುಕಬೇಕು, ಕಾಯಬೇಕು. ಕೆಲವರು ‘ಎಕ್ಸ್‌ರೇ ತೆಗೆಸಿದ್ದೇನೆ, ಡಿಎನ್‌ಎ ಮಾಡಿಸಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅಂಥವರಿಗೆ ನಾನು ಬೆಲೆ ಕೊಡುತ್ತೇನೆ. ಇದೇ ತಾಯಿಯ ಹಿಂದಿನ ಸೂಲಿನ ಮರಿ ಕೊಂಡವರ ಜೊತೆ ಮಾತಾಡಿಸಿ ಎಂದು ಅವರನ್ನು ಕೇಳಿ. ಆ ನಾಯಿ ಕುಂಟುತ್ತಾ, ಮೈ ಕೆರೆದುಕೊಳ್ಳುತ್ತಾ, ಮಕ್ಕಳ ಜೊತೆ ಹೇಗಿದೆ ಎನ್ನುವುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಪೇಪರ್ ಬಗ್ಗೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಮರಿಯ ವಂಶವನ್ನು ಹೇಳುತ್ತದೆ, ಆರೋಗ್ಯವನ್ನಲ್ಲ. ಪಹಣಿ ಇದ್ದ ಹಾಗೆ. ಜಮೀನು ಯಾರದ್ದು ಅಂತ ಅದರಲ್ಲಿರುತ್ತದೆ, ಬೋರ್‌ನಲ್ಲಿ ನೀರಿದೆಯಾ ಅಂತ ಇರುವುದಿಲ್ಲ. ಆದರೂ ಶುದ್ಧ ತಳಿ ಅಂತ ಹೇಳಿ ಮಾರುವವರು ಅದನ್ನು ಕೊಡಲೇಬೇಕು. ಒಂದು ಸೂಲಿನ ಮರಿಗಳು ನೋಂದಣಿ ಆಗಿರುತ್ತವೆ ಅಥವಾ ಆಗಿರುವುದಿಲ್ಲ. ಬೇಕಾದವರಿಗೆ 5,000ಕ್ಕೆ ಪೇಪರ್, ಬೇಡದವರಿಗೆ ಇಲ್ಲ ಅನ್ನುವ ವ್ಯಾಪಾರದಲ್ಲಿ ಆ ಪೇಪರ್ ಯಾವ ನಾಯಿಯದ್ದೋ ಎಂಬ ಅನುಮಾನ ಬರುತ್ತದೆ. ಮರಿಯ ಚರ್ಮದಡಿ ಮೈಕ್ರೊಚಿಪ್ ಇದ್ದರೆ ಅದರ 15 ಅಂಕಿಗಳನ್ನು ಸ್ಕ್ಯಾನರ್‌ನಲ್ಲಿ ಓದಿಸಿ ಕಾಗದದ ಜೊತೆ ಹೋಲಿಸಿ.

ಲಸಿಕೆ ಕಾರ್ಡನ್ನೂ ಸರಿಯಾಗಿ ನೋಡಿ. ಮರಿಗಳಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ. ರೇಬಿಸ್‌ನದು ಮೂರು ತಿಂಗಳಿಗೆ. 40 ದಿನದ ಮರಿಗೆ ‘ಎಲ್ಲ ಇಂಜೆಕ್ಷನ್ ಆಗಿದೆ’ ಎಂದರೆ ಅದು ಸಾಧ್ಯವೇ ಇಲ್ಲ. ಕಾರ್ಡಿನಲ್ಲಿ ಲಸಿಕೆಯ ಸ್ಟಿಕ್ಕರ್, ತಾರೀಕು, ಪಶುವೈದ್ಯರ ಸಹಿ ಮೂರೂ ಇರಬೇಕು. ಒಂದು ರಾತ್ರಿ ಹತ್ತು ಗಂಟೆಗೆ ನನ್ನ ಕ್ಲಿನಿಕ್ಕಿಗೆ ಒಂದು ಮರಿ ಬಂತು. ಹಿಂದಿನ ದಿನ ಬಸ್ಸಿನಲ್ಲಿ ರಟ್ಟಿನ ಡಬ್ಬದಲ್ಲಿ ಬಂದಿದ್ದು. ವಾಂತಿ, ರಕ್ತ ಭೇದಿ. ಕಾರ್ಡಿನಲ್ಲಿ ಸ್ಟಿಕ್ಕರ್ ಇತ್ತು, ಸಹಿ ಇರಲಿಲ್ಲ. ಪಾರ್ವೊ ಮೈಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂದರೆ ಡಬ್ಬಕ್ಕೆ ಹಾಕುವಾಗಲೇ ಆ ಮರಿಗೆ ಕಾಯಿಲೆ ಹತ್ತಿತ್ತು. ನಾಲ್ಕು ದಿನ ಡ್ರಿಪ್ ಹಾಕಿದೆವು. ಉಳಿಯಲಿಲ್ಲ. ಆ ಮನೆಯ ಹುಡುಗನಿಗೂ ನಿಮ್ಮ ಮಗಳ ವಯಸ್ಸೇ.

ಹೋದಾಗ ಮೂಗಿಗೂ ಸ್ವಲ್ಪ ಕೆಲಸ ಕೊಡಿ. ಘಾಟು ವಾಸನೆ ಬಂದರೆ ಮರಿಗಳು ಮಲಗಿದಲ್ಲೇ ಹೇಲು ಉಚ್ಚೆ ಮಾಡಿಕೊಂಡು ಬೆಳೆದಿವೆ ಎಂದರ್ಥ. ಅವಕ್ಕೆ ಮನೆಯಲ್ಲಿ ಶಿಸ್ತು ಕಲಿಸುವುದು ಕಷ್ಟ. ಒಂದೇ ಜಾಗದಲ್ಲಿ ಆರೇಳು ತಳಿಯ ಮರಿಗಳಿದ್ದರೆ ಅದು ಅಂಗಡಿ. ಆಮೇಲೆ, ಅವರು ನಿಮ್ಮನ್ನೇನು ಕೇಳುತ್ತಾರೆ ಅಂತ ಗಮನಿಸಿ. ಹಗಲು ಮನೆಯಲ್ಲಿ ಯಾರಿರ್ತೀರಿ, ಸ್ವಂತ ಮನೆಯಾ ಬಾಡಿಗೆಯಾ, ಮೊದಲು ನಾಯಿ ಸಾಕಿದ್ರಾ, ಅದು ಏನಾಯ್ತು? ಹೀಗೆ ಹೆಣ್ಣು ಕೊಡುವವರ ಥರ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ‘ಯಾವತ್ತಾದರೂ ಸಾಕೋಕೆ ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡಬೇಡಿ, ನನಗೇ ತಂದುಕೊಡಿ’ ಎಂದು ಹೇಳುವ ಬ್ರೀಡರ್ ಸಿಕ್ಕರೆ, ಮರಿಗಾಗಿ ಆರು ತಿಂಗಳು ಕಾಯಬೇಕಾದರೂ ಕಾಯಿರಿ. ಮಗಳಿಗೆ ನಾನೇ ಹೇಳಿದೆ ಅನ್ನಿ.

ಪ್ರಶ್ನೆ: ನಾವು ಪುಣೆಯಲ್ಲಿರುವ ಬಾಗಲಕೋಟೆಯವರು. ಊರಿನ ಅಭಿಮಾನಕ್ಕೆ ಮುಧೋಳ ನಾಯಿ ಸಾಕಬೇಕು ಅಂತ ಆಸೆ. ಎರಡು ಕೋಣೆಯ ಫ್ಲ್ಯಾಟ್. ಒಬ್ಬರು ತೋರಿಸಿದ ಕೆಸಿಐ ಪೇಪರ್‌ನಲ್ಲಿ ‘ಕ್ಯಾರವಾನ್ ಹೌಂಡ್’ ಅಂತಿದೆ. ಮೋಸವೇ?

ಉತ್ತರ: ಮೋಸವಲ್ಲ. ಕೆಸಿಐ ಈ ತಳಿಯನ್ನು ಆ ಹೆಸರಿನಲ್ಲೇ ನೋಂದಾಯಿಸುತ್ತದೆ. ನಿಮ್ಮ ಕಡೆ ಇದನ್ನೇ ಕರವಾನಿ ಅನ್ನುವವರೂ ಇದ್ದಾರಲ್ಲ.

2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಸೇನೆಯೂ ತರಬೇತಿಗೆ ತೆಗೆದುಕೊಂಡ ನಾಯಿ ಇದು. ಹೆಸರು ಬಂದ ಮೇಲೆ ಬೇಡಿಕೆ ಏರಿತು, ಬೇಡಿಕೆಯ ಹಿಂದೆ ಗ್ರೇಹೌಂಡ್ ಬೆರೆಸಿದ ಮರಿಗಳೂ ಬಂದವು. ಹಾಗಾಗಿ ನೇರವಾಗಿ ಮುಧೋಳ ತಾಲ್ಲೂಕಿಗೇ ಹೋಗಿ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧತೆ ಉಳಿಸುವುದೇ ಅದರ ಕೆಲಸ. ಮೊದಲು ಅಲ್ಲಿ ವಿಚಾರಿಸಿ. ಸುತ್ತಲಿನ ರೈತರ ಮನೆಗಳಲ್ಲೂ ಒಳ್ಳೆಯ ನಾಯಿಗಳಿವೆ. ಹೊಲದಲ್ಲಿ ಓಡುವ ಅಪ್ಪ ಅಮ್ಮನನ್ನು ಕಣ್ಣಾರೆ ನೋಡುವ ಭಾಗ್ಯ ಬೇರೆ ಯಾವ ತಳಿಯನ್ನು ಕೊಳ್ಳುವವರಿಗಿದೆ? ಪಕ್ಕೆಲುಬು ಕಂಡರೆ ಉಪವಾಸ ಕೆಡವಿದ್ದಾರೆ ಅಂದುಕೊಳ್ಳಬೇಡಿ, ಈ ನಾಯಿಯ ಮೈಕಟ್ಟೇ ಹಾಗೆ.

ಆದರೆ ಫ್ಲ್ಯಾಟ್ ವಿಷಯದಲ್ಲಿ ನನಗೆ ಅಳುಕಿದೆ. ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಅಟ್ಟಲೆಂದೇ ಬೆಳೆಸಿದ ನಾಯಿ ಇದು. ದಿನಾ ಒಮ್ಮೆಯಾದರೂ ಬೇಲಿ ಇರುವ ಬಯಲಿನಲ್ಲಿ ಬಿಚ್ಚಿ ಓಡಿಸಬೇಕು. ಬೆಕ್ಕು ಕಂಡು ರಸ್ತೆಗೆ ಹಾರಿದರೆ ಕೂಗಿದರೂ ಕೇಳದು. ಅಂಥ ಬಯಲು ಹತ್ತಿರದಲ್ಲಿ ಇಲ್ಲದಿದ್ದರೆ, ಅಭಿಮಾನಕ್ಕಾಗಿ ಅದನ್ನು ಎರಡು ಕೋಣೆಯಲ್ಲಿ ಕೂರಿಸಬೇಡಿ.

ಪ್ರಶ್ನೆ: ನಮ್ಮ ಹೆಣ್ಣು ಪಗ್‌ಗೆ 3 ವರ್ಷ. ಮಲಗಿದರೆ ಜೋರು ಗೊರಕೆ. ಆರೋಗ್ಯಕ್ಕೆ ಒಮ್ಮೆಯಾದರೂ ಮರಿ ಹಾಕಿಸಬೇಕು ಅನ್ನುತ್ತಾರೆ. ಮರಿಗೆ ಗಿರಾಕಿಗಳೂ ಇದ್ದಾರೆ. ಹಾಕಿಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಬೇಡಮ್ಮ. ಒಂದು ಸಲ ಮರಿ ಹಾಕಿದರೆ ನಾಯಿಗೆ ಆರೋಗ್ಯ ಅನ್ನುವುದಕ್ಕೆ ಆಧಾರವಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ತಪ್ಪಿಸುವುದು ಸಂತಾನಹರಣ ಶಸ್ತ್ರಚಿಕಿತ್ಸೆ, ಹೆರಿಗೆಯಲ್ಲ.

ಗೊರಕೆಯನ್ನೂ ಮುದ್ದು ಅಂದುಕೊಳ್ಳಬೇಡಿ. ಚಪ್ಪಟೆ ಮುಖದ ನಾಯಿಗೆ ಮೂಗಿನ ಹೊಳ್ಳೆ ಕಿರಿದು, ಗಂಟಲಿನ ಮೆತ್ತನೆಯ ಅಂಗುಳು ಉದ್ದ. ಅದು ಉಸಿರಿಗೆ ಕಷ್ಟಪಡುತ್ತಿರುವ ಸದ್ದು. ಆ ಮೂಗನ್ನೇ ಅವಳು ಮರಿಗಳಿಗೂ ಕೊಡುತ್ತಾಳೆ. ಮರಿಗಳ ತಲೆ ದೊಡ್ಡದಾದ್ದರಿಂದ ಸಿಸೇರಿಯನ್ ಬೇಕಾಗುವುದೂ ಉಂಟು, ಇಂಥ ಉಸಿರಿನ ನಾಯಿಗೆ ಅರಿವಳಿಕೆ ಕೊಡುವಾಗ ಅಪಾಯ ಜಾಸ್ತಿ. ಗಿರಾಕಿಗಳಿಗೆ ಇಲ್ಲ ಅಂದುಬಿಡಿ. ಈ ವಾರವೇ ಪಶುವೈದ್ಯರಿಗೆ ತೋರಿಸಿ, ಹೊಳ್ಳೆ ಅಗಲ ಮಾಡುವ ಶಸ್ತ್ರಚಿಕಿತ್ಸೆ ಬೇಕಾ ಅಂತ ಕೇಳಿ. ಸಂತಾನಹರಣವನ್ನೂ ಅದೇ ಅರಿವಳಿಕೆಯಲ್ಲಿ ಮಾಡಬಹುದಾ ಎಂದು ಅವರು ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಹಾಕುವ ಬೆಲ್ಟ್ ಹಾಕಿ, ತೂಕ ಇಳಿಸಿ, ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸಿ.