ರೇಸ್ ಕಾರಿನ ಲಿವರಿ: ಪುಕ್ಕಟೆ ಸ್ಯಾಂಪಲ್ ಕೊಡುವುದನ್ನು ಇವತ್ತೇ ನಿಲ್ಲಿಸಿ

ರೇಸ್ ಕಾರಿನ ಮೈಮೇಲಿನ ಬಣ್ಣ, ಪಟ್ಟಿ, ನಂಬರ್, ಪ್ರಾಯೋಜಕರ ಲೋಗೊ ಎಲ್ಲ ಸೇರಿದ ವಿನ್ಯಾಸಕ್ಕೆ ಲಿವರಿ ಅನ್ನುತ್ತಾರೆ. ಈ ಸಲ ಬಂದ ಮೂರೂ ಪ್ರಶ್ನೆಗಳು ಈ ಕೆಲಸಕ್ಕೆ ಕೈಹಾಕಿದ ನಮ್ಮ ಭಾಗದವರವು.

ಪ್ರಶ್ನೆ: ನಾವಿಬ್ಬರು ಗೆಳೆಯರು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮು ಹಿಡಿದು ರೇಸ್ ಮತ್ತು ರ‍್ಯಾಲಿ ಕಾರುಗಳಿಗೆ ಲಿವರಿ ಡಿಸೈನ್ ಮಾಡುತ್ತೇವೆ. ಶುರು ಮಾಡಿ ಒಂದು ವರ್ಷ ದಾಟಿದೆ. ಟೀಮ್‌ನವರು "ಮೂರು-ನಾಲ್ಕು ಸ್ಯಾಂಪಲ್ ಕಳಿಸಿ, ನೋಡೋಣ" ಅನ್ನುತ್ತಾರೆ. ಕಳಿಸಿದರೆ ಆಮೇಲೆ ಸುದ್ದಿಯೇ ಇಲ್ಲ. ಒಂದು ಸಲ ನಮ್ಮದೇ ಸ್ಯಾಂಪಲ್ ಸ್ವಲ್ಪ ಬದಲಾಗಿ ಬೇರೆಯವರ ಕೈಯಿಂದ ಕಾರಿನ ಮೇಲೆ ಬಂತು. ಕೆಲಸ ಒಪ್ಪಿಕೊಂಡವರೂ ರೊಕ್ಕಕ್ಕೆ ತಿಂಗಳುಗಟ್ಟಲೆ ಅಲೆಸುತ್ತಾರೆ. ಏನು ಮಾಡೋಣ?

ಉತ್ತರ: ಪುಕ್ಕಟೆ ಸ್ಯಾಂಪಲ್ ಇವತ್ತಿಗೇ ನಿಲ್ಲಿಸಿ. ಕೈಚಳಕ ತೋರಿಸಲು ನಿಮ್ಮದೇ ಕಲ್ಪನೆಯ ಕಾರುಗಳಿಗೆ ಮಾಡಿದ ನಾಲ್ಕಾರು ವಿನ್ಯಾಸ ಸಾಕು. ಒಂದು ಟೀಮಿನ ಹೆಸರು, ಅವರ ಪ್ರಾಯೋಜಕರ ಲೋಗೊ ಇಟ್ಟು ಬರೆದ ಮೊದಲ ಗೆರೆಗೇ ಬೆಲೆ ಇದೆ.

ಬೆಲೆ ಕೇಳಲು ಧೈರ್ಯ ಬರಬೇಕಾದರೆ ಟೀಮಿಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಿರಬೇಕು. ಒಂದು ಕಾಲಕ್ಕೆ ರೇಸ್ ಕಾರುಗಳಿಗೆ ದೇಶದ ಬಣ್ಣ ಇರುತ್ತಿತ್ತು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು. 1968ರಲ್ಲಿ ಲೋಟಸ್ ಟೀಮ್ ತನ್ನ ಹಸಿರನ್ನು ಬಿಟ್ಟು ಸಿಗರೇಟ್ ಕಂಪನಿಯೊಂದರ ಕೆಂಪು, ಬಿಳಿ, ಚಿನ್ನದ ಬಣ್ಣ ಹಚ್ಚಿಕೊಂಡು ಫಾರ್ಮುಲಾ ಒನ್‌ಗೆ ಇಳಿಯಿತು. ಅಲ್ಲಿಂದ ಮುಂದೆ ಕಾರಿನ ಮೈ ಅಂದರೆ ಮಾರಾಟಕ್ಕಿರುವ ಜಾಗ. ನಮ್ಮ ದೇಶದ ಸಣ್ಣ ಟೀಮಿಗೂ ಅಷ್ಟೇ, ಟಯರ್ ಖರ್ಚು ಹುಟ್ಟಬೇಕಾದರೆ ಬಾಗಿಲು, ಬಾನೆಟ್ ಮಾರಬೇಕು.

ಇಲ್ಲೇ ನಿಮಗೆ ಒಂದು ದೊಡ್ಡ ಅವಕಾಶ ಇದೆ. ಟೀಮ್ ಮಾಲೀಕ ಪ್ರಾಯೋಜಕರ ಹತ್ತಿರ ಬರಿಗೈಲಿ ಹೋದರೆ ಮಾತು ಮುಂದಕ್ಕೆ ಹೋಗುವುದು ಕಷ್ಟ. "ನಿಮ್ಮ ಲೋಗೊ ನಮ್ಮ ಕಾರಿನ ಮೇಲೆ ಹೀಗೆ ಕಾಣುತ್ತದೆ" ಅಂತ ಚಿತ್ರ ತೋರಿಸಿದರೆ ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಿಮ್ಮಿಂದ ಪುಕ್ಕಟೆ ಕೇಳುತ್ತಿರುವುದು ಬಹುಮಟ್ಟಿಗೆ ಈ ಚಿತ್ರವನ್ನೇ. ಅದನ್ನೇ ಬೇರೆ ಕೆಲಸ ಅಂತ ಮಾಡಿ, ಬೇರೆ ದರ ಹಾಕಿ. ಪೂರ್ತಿ ಲಿವರಿಯ ಆರ್ಡರ್ ಸಿಕ್ಕರೆ ಆ ಮೊತ್ತವನ್ನು ಅದರ ಬಿಲ್ಲಿನಲ್ಲಿ ಕಳೆಯಿರಿ. ಕೊಡಲು ಒಲ್ಲೆ ಅನ್ನುವವರು ದೊಡ್ಡ ಬಿಲ್ಲನ್ನೂ ಕೊಡುವುದಿಲ್ಲ. ಅದು ಮೊದಲ ದಿನವೇ ಗೊತ್ತಾಗುವುದು ಒಳ್ಳೆಯದೇ ಅಲ್ವಾ?

ಆಮೇಲೆ ಒಂದು ಪುಟದ ಕರಾರು. ಅರ್ಧ ಹಣ ಮೊದಲ ಸ್ಕೆಚ್‌ಗಿಂತ ಮುಂಚೆ. ಉಳಿದರ್ಧ, ಪ್ರಿಂಟ್ ಫೈಲ್ ಕೈಬಿಡುವ ಮುಂಚೆ. ಫೈಲ್ ಹೋದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಹೆಚ್ಚುವರಿ ಹಣ. ಹಕ್ಕು ಯಾರದು ಅನ್ನೋದನ್ನು ಸ್ಪಷ್ಟವಾಗಿ ಬರೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾಯಿಸಲು ಸಹಿ ಇರುವ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಅಂತ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ಕಾರಿನ ಮೇಲೆ ಬಳಸುವ ಹಕ್ಕನ್ನು ಸಣ್ಣ ಟೀಮಿಗೆ ಧಾರಾಳವಾಗಿ ಕೊಟ್ಟುಬಿಡಿ. ಟೀ-ಶರ್ಟು, ಟೋಪಿ, ಆಟಿಕೆ ಕಾರುಗಳಲ್ಲಿ ಬಳಸುವ ಹಕ್ಕು ಮಾತ್ರ ನಿಮ್ಮಲ್ಲೇ ಇರಲಿ. ಕಳಿಸುವ ಚಿತ್ರ ಚಿಕ್ಕದಾಗಿರಲಿ, ನಿಮ್ಮ ಹೆಸರು ಅಡ್ಡಲಾಗಿ ಇರಲಿ. ವಾಟ್ಸಾಪ್ ಬದಲು ಇಮೇಲ್‌ನಲ್ಲೇ ಕಳಿಸಿ. ಯಾವ ದಿನ ಯಾರಿಗೆ ಹೋಯಿತು ಅನ್ನುವ ದಾಖಲೆ ಜಗಳದ ದಿನ ಬೇಕಾಗುತ್ತದೆ.

ಬಾಕಿ ವಸೂಲಿಗೆ ಒಂದು ಗಟ್ಟಿ ಆಸರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ನೋಂದಣಿ. ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕ ಇಲ್ಲ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ನೋಂದಣಿಯಾದ ಸಣ್ಣ ಉದ್ಯಮದ ಬಿಲ್ಲನ್ನು ಕರಾರು ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ತೀರಿಸಬೇಕು ಅನ್ನುತ್ತದೆ 2006ರ ಎಂಎಸ್‌ಎಂಇ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಮುಗಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ಕಂಪನಿ ಹೆಸರಿನ ಟೀಮುಗಳ ಲೆಕ್ಕಪರಿಶೋಧಕರು ಅದನ್ನು ನೋಡಿದರೆ ಬಿಲ್ಲು ಬೇಗ ಮುಂದೆ ಸರಿಯುತ್ತದೆ.

ನಿಮ್ಮಿಬ್ಬರ ನಡುವೆಯೂ ಪಾಲುದಾರಿಕೆ ಪತ್ರ ಮಾಡಿಸಿ ನೋಂದಾಯಿಸಿ. ಕೇಂದ್ರದ ಸ್ಟಾರ್ಟಪ್ ಮಾನ್ಯತೆಗೆ ನೋಂದಾಯಿತ ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಬೇಕು. ಸುಮ್ನೆ ಇಬ್ಬರು ಗೆಳೆಯರು ಅಂದರೆ ನಡೆಯುವುದಿಲ್ಲ. ಹೊಸ ಉದ್ಯಮಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್ ನಿಮ್ಮ ಊರಲ್ಲೇ ಇದೆ, ಹೋಗಿ ಮಾತಾಡಿ ಬನ್ನಿ.

ಪ್ರಶ್ನೆ: ಗದಗಿನಲ್ಲಿ ನಮ್ಮದು ರೇಡಿಯಂ ಕಟಿಂಗ್ ಮತ್ತು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ರ‍್ಯಾಲಿ ಓಡಿಸುವ ಒಬ್ಬರ ಕಾರಿಗೆ ಸ್ಟಿಕರ್ ಹಚ್ಚಿದೆವು. ಬಂಪರ್ ಮೂಲೆಗಳಲ್ಲಿ ಕೆಲವೇ ದಿನಕ್ಕೆ ಎದ್ದು ಬಂತು. ಸ್ಕ್ರೀನ್ ಮೇಲೆ ಕಿತ್ತಳೆ ಇದ್ದದ್ದು ಪ್ರಿಂಟ್‌ನಲ್ಲಿ ಇಟ್ಟಿಗೆ ಬಣ್ಣವಾಯಿತು.

ಉತ್ತರ: ಅಂಗಡಿ ಬೋರ್ಡಿಗೆ ಹಚ್ಚುವ ವಿನೈಲನ್ನೇ (ಸ್ಟಿಕರಿನ ಪ್ಲಾಸ್ಟಿಕ್ ಹಾಳೆ) ಕಾರಿಗೂ ಹಚ್ಚಿದ್ದೀರಿ ಅನ್ನಿಸುತ್ತದೆ. ಆ ಅಗ್ಗದ ವಿನೈಲಿಗೆ ಕ್ಯಾಲೆಂಡರ್ಡ್ ಅನ್ನುತ್ತಾರೆ. ಅದನ್ನು ರೋಲರುಗಳ ನಡುವೆ ಒತ್ತಿ ಎಳೆದು ತಯಾರಿಸುತ್ತಾರೆ. ಹಾಗಾಗಿ ಬಿಸಿಲಿಗೆ ಮತ್ತೆ ಕುಗ್ಗಿಕೊಳ್ಳುತ್ತದೆ, ಬಂಪರಿನ ತಿರುವಿನಲ್ಲಿ ಏಳುತ್ತದೆ. ಕಾರಿಗೆ ಬೇಕಾದದ್ದು ಕಾಸ್ಟ್ ವಿನೈಲ್. ದ್ರವವಾಗಿ ಹರವಿ ಒಣಗಿಸಿದ್ದು, ಸುಮಾರು 50 ಮೈಕ್ರಾನ್ ತೆಳು, ತಿರುವಿಗೆ ಬಾಗುತ್ತದೆ, ಕುಗ್ಗುವುದು ತೀರಾ ಕಡಿಮೆ. ಬೆಲೆ ಜಾಸ್ತಿ, ಆದರೆ ಕಾರಿಗೆ ಇನ್ನೊಂದು ದಾರಿ ಇಲ್ಲ.

ಸಾಲ್ವೆಂಟ್ ಇಂಕಿನಲ್ಲಿ ಪ್ರಿಂಟ್ ಹಾಕಿದರೆ ಕನಿಷ್ಠ 24 ಗಂಟೆ ಬಿಡಿಸಿಟ್ಟು ಒಣಗಿಸಿ. ಲ್ಯಾಮಿನೇಶನ್, ಅಂದರೆ ಮೇಲಿನ ಪಾರದರ್ಶಕ ಹೊದಿಕೆ, ಆಮೇಲೆ. ಅವಸರ ಮಾಡಿದರೆ ಒಳಗೆ ಸಿಕ್ಕ ಸಾಲ್ವೆಂಟ್ ಅಂಟನ್ನೇ ಮೆತ್ತಗೆ ಮಾಡುತ್ತದೆ. ಹಚ್ಚುವ ಮೊದಲು ಅಂಚುಗಳ ಮೇಣ, ಗ್ರೀಸ್ ಪೂರ್ತಿ ತೆಗೆಯಿರಿ. ಹಚ್ಚಿ ಮುಗಿದ ಮೇಲೆ ಎಳೆದು ಕೂರಿಸಿದ ಜಾಗಗಳಿಗೆಲ್ಲ ಹೀಟ್ ಗನ್ ಹಿಡಿಯಿರಿ. ವಿನೈಲ್ ತಯಾರಕರು ಹೇಳಿದಷ್ಟು ಬಿಸಿ ಮುಟ್ಟಲೇಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇದೇ ಕೊನೆಯ ಹೆಜ್ಜೆ.

ಬಣ್ಣದ ವಿಷಯ. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರ್ ಶಾಯಿಯಿಂದ. ಉಜ್ವಲ ಕಿತ್ತಳೆ, ಎಳೆ ಹಸಿರು ನಾಲ್ಕು ಶಾಯಿಯ ಪ್ರಿಂಟ್‌ನಲ್ಲಿ ಮಂಕಾಗುತ್ತವೆ. ಅಂಥ ಬಣ್ಣಕ್ಕೆ ಅದೇ ಬಣ್ಣದ ವಿನೈಲ್ ಕೊಂಡು ಕತ್ತರಿಸಿ ಹಚ್ಚಿ. ಪ್ರಿಂಟೇ ಬೇಕಾದರೆ ಅದೇ ವಿನೈಲ್, ಅದೇ ಲ್ಯಾಮಿನೇಶನ್ ಮೇಲೆ ಅಂಗೈಯಗಲ ತುಂಡು ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ ಗ್ರಾಹಕರಿಗೆ ತೋರಿಸಿ, ಅದರ ಮೇಲೆಯೇ ಸಹಿ ಮಾಡಿಸಿಕೊಳ್ಳಿ.

ರ‍್ಯಾಲಿ ಹಲವು ಹಂತಗಳಲ್ಲಿ ನಡೆಯುತ್ತದೆ. ಕಾರಿನ ಬಾಗಿಲುಗಳ ಕೆಳಭಾಗಕ್ಕೆ ಮೊದಲ ಹಂತದಲ್ಲೇ ಕೆಸರು, ಧೂಳು ಬಡಿಯುತ್ತದೆ. ಮುಖ್ಯ ಪ್ರಾಯೋಜಕರ ಲೋಗೊ ಅಲ್ಲಿ ಬೇಡ. ಇನ್ನೊಂದು ಮಾತು. ಹಂತದಿಂದ ಹಂತಕ್ಕೆ ಹೋಗುವಾಗ ರ‍್ಯಾಲಿ ಕಾರು ಸಾರ್ವಜನಿಕ ರಸ್ತೆಯಲ್ಲೇ ಓಡಬೇಕು. ಕಾರಿನ ಮೂಲ ಬಣ್ಣವೇ ಪೂರ್ತಿ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿಕೊಳ್ಳುವಂತೆ ಮಾಲೀಕರಿಗೆ ಮುಂಚೆಯೇ ಹೇಳಿ.

ಪ್ರಶ್ನೆ: ನಾನು ರಾಣೆಬೆನ್ನೂರಿನ ವಿದ್ಯಾರ್ಥಿ. ಕಂಪ್ಯೂಟರ್‌ನಲ್ಲಿ ಡಿಸೈನ್ ಬರುತ್ತದೆ. ನಮ್ಮ ಕಡೆ ರೇಸ್ ಟ್ರ್ಯಾಕೇ ಇಲ್ಲ. ಲಿವರಿ ಕೆಲಸ ಕಲಿಯಬಹುದೇ? ಕಾರಿನ ಮೇಲೆ ತ್ರಿವರ್ಣ ಧ್ವಜ ಹಾಕುವ ಆಸೆಯೂ ಇದೆ.

ಉತ್ತರ: ಖಂಡಿತ ಕಲಿಯಬಹುದು. ಕಂಪ್ಯೂಟರ್ ರೇಸಿಂಗ್ ಆಟಗಳಿಂದ ಶುರು ಮಾಡಿ. ಐರೇಸಿಂಗ್, ಅಸೆಟ್ಟೊ ಕೊರ್ಸಾದಂಥವುಗಳಲ್ಲಿ ಆಟಗಾರರು ತಮ್ಮ ಕಾರಿಗೆ ಸ್ವಂತ ಲಿವರಿ ಹಾಕಿಕೊಳ್ಳುತ್ತಾರೆ, ಹೊರದೇಶದವರು ಅದಕ್ಕೆ ಹಣವನ್ನೂ ಕೊಡುತ್ತಾರೆ. ನೀವು ಬರೆದ ಕಾರು ಓಡುವುದನ್ನು ಅವತ್ತೇ ನೋಡಬಹುದು. ಓಟದಲ್ಲಿ ನಿಮ್ಮ ನಂಬರ್ ಓದಲು ಆಗದಿದ್ದರೆ ವಿನ್ಯಾಸ ಎಷ್ಟೇ ಚೆಂದ ಇದ್ದರೂ ಸೋತಂತೆ. ಚಿತ್ರವನ್ನು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಯಾವ ಕಾರು ಅಂತ ಗೊತ್ತಾಗಬೇಕು. 1968, 1969ರಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸ್ ಗೆದ್ದ, ಗಲ್ಫ್ ತೈಲ ಕಂಪನಿಯ ಬಣ್ಣದ ಫೋರ್ಡ್ ಜಿಟಿ40ಯನ್ನು ಈಗಲೂ ಜನ ಗುರುತಿಸುವುದು ತಿಳಿನೀಲಿಯ ಮೇಲಿನ ಒಂದು ಕಿತ್ತಳೆ ಪಟ್ಟೆಯಿಂದ.

ಆಟದ ಕಾರಿಗೆ ಬಾಗಿಲ ಸಂದು, ಹಿಡಿಕೆ ಅಡ್ಡ ಬರುವುದಿಲ್ಲ. ನಿಜವಾದ ಕಾರಿಗೆ ಬರುತ್ತವೆ. ಅದಕ್ಕೆ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳನ್ನು ಹುಡುಕಿ. ಫಾರ್ಮುಲಾ ಭಾರತ್, ಬಾಹಾ ಸ್ಪರ್ಧೆಗಳಿಗೆ ವಿದ್ಯಾರ್ಥಿಗಳೇ ಕಾರು ಕಟ್ಟುತ್ತಾರೆ. ಅವರ ಹತ್ತಿರ ದುಡ್ಡಿರುವುದಿಲ್ಲ, ಆದರೆ ಅಳತೆ ತೆಗೆಯುವುದರಿಂದ ಹಿಡಿದು ಸ್ಟಿಕರ್ ಹಚ್ಚುವವರೆಗೆ ಎಲ್ಲ ಕೈಯಾರೆ ಕಲಿಯಬಹುದು. ಅವರಿಗೆ ತೂಕದ ಚಿಂತೆ ಬಹಳ. ಫಾರ್ಮುಲಾ ಒನ್‌ನಲ್ಲೇ 2022ರಿಂದ ಹಲವು ಟೀಮುಗಳು ತೂಕ ಉಳಿಸಲು ಬಣ್ಣ ತೆಗೆದು ಕಾರಿನ ಮೈಯ ಕಪ್ಪು ಕಾರ್ಬನ್ ಫೈಬರನ್ನು ಹಾಗೇ ಬಿಟ್ಟಿವೆ. ಬರಿ ಜಾಗವನ್ನೂ ಚೆಂದ ಬಳಸುವುದು ಕಲಿಯಿರಿ. ರಜೆಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ರೇಸ್ ಇರುವಾಗ ಹೋಗಿ, ದೂರದಿಂದ ಯಾವ ಕಾರು ಕಣ್ಣಿಗೆ ಬೀಳುತ್ತದೆ ಬರೆದುಕೊಳ್ಳಿ.

ಧ್ವಜದ ಬಗ್ಗೆ ಎಚ್ಚರ ಇರಲಿ. ವಾಹನದ ಬಾನೆಟ್, ಮೇಲ್ಭಾಗ, ಬದಿಗಳಿಗೆ ಧ್ವಜ ಹೊದಿಸಬಾರದು, ಧ್ವಜದ ಮೇಲೆ ಯಾವ ಅಕ್ಷರವನ್ನೂ ಬರೆಯಬಾರದು ಅನ್ನುತ್ತದೆ ಧ್ವಜ ಸಂಹಿತೆ. ಫಾರ್ಮುಲಾ ಒನ್‌ನಲ್ಲಿದ್ದ ಫೋರ್ಸ್ ಇಂಡಿಯಾ ಟೀಮ್ ಕೇಸರಿ, ಬಿಳಿ, ಹಸಿರನ್ನು ಬರೀ ಪಟ್ಟೆಗಳಾಗಿ ಹರಿಸಿತ್ತು. ಅಶೋಕ ಚಕ್ರ ಬಿಟ್ಟು, ಲೋಗೊಗಳನ್ನು ಆ ಪಟ್ಟೆಗಳಿಂದ ದೂರ ಇಟ್ಟು ನೀವೂ ಆ ದಾರಿಯಲ್ಲೇ ಪ್ರಯತ್ನಿಸಿ.