ಅರ್ಥಶಾಸ್ತ್ರ ಎರಡೂ ಕಡೆ ಇದೆ, ಅದರ ಪಕ್ಕದಲ್ಲಿ ಏನಿದೆ?

ಓದುಗರ ಪತ್ರ: ಸರ್, ನಾನು ಮುಧೋಳ ತಾಲ್ಲೂಕಿನವಳು. ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಗಣಿತದಲ್ಲಿ 78 ಬಂದಿದೆ, ನೀಟ್ ಕೈ ಹಿಡಿಯಲಿಲ್ಲ. ಮೊದಲಿಂದಲೂ ಪೇಪರಿನಲ್ಲಿ ಬಜೆಟ್, ಬೆಲೆ, ಬ್ಯಾಂಕಿನ ಸುದ್ದಿ ಓದುವ ಹುಚ್ಚು. ಹಾಗಾಗಿ ಅರ್ಥಶಾಸ್ತ್ರ ಓದಬೇಕು ಅಂತ ಮನಸ್ಸು ಮಾಡಿದ್ದೇನೆ. ಎರಡು ದಾರಿ ಇವೆ. ಊರ ಹತ್ತಿರದ ಕಾಲೇಜಿನಲ್ಲಿ ಬಿ.ಎ. (ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ), ಇಲ್ಲವೇ ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. (ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ). ಅಪ್ಪ ಕಬ್ಬು ಬೆಳೆಯುತ್ತಾರೆ. ‘ಸೈನ್ಸ್ ಓದಿ ಮತ್ತೆ ಬಿ.ಎ.ನಾ?’ ಅಂತ ಬೇಜಾರು ಮಾಡ್ಕೊಂಡಿದ್ದಾರೆ. ಸೋದರಮಾವ ‘ಬಿ.ಎ. ಮಾಡಿ ಕೆಎಎಸ್‌ಗೆ ಓದು’ ಅಂತಾರೆ. ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮಾಧ್ಯಮ. ಯಾವುದಕ್ಕೆ ಸೇರಿದರೆ ಮುಂದೆ ಕೆಲಸ ಸಿಗುತ್ತದೆ?

ಸಂಪಾದಕರ ಉತ್ತರ:

ತಂಗಿ, ಸುತ್ತಿಬಳಸದೆ ಮೊದಲೇ ಹೇಳಿಬಿಡುತ್ತೇನೆ. ಗಣಿತ ನಿನಗೆ ತೀರಾ ತಲೆನೋವು ಅಲ್ಲದಿದ್ದರೆ ಬಿ.ಎಸ್ಸಿ.ಗೆ ಸೇರು. ಬಿ.ಎ. ಕಡಿಮೆ ಅಂತ ಅಲ್ಲ. ಅರ್ಥಶಾಸ್ತ್ರ ಎರಡೂ ಕಡೆ ಇದೆ, ವ್ಯತ್ಯಾಸ ಇರೋದು ಅದರ ಪಕ್ಕದಲ್ಲಿ ಕೂತ ಎರಡು ವಿಷಯಗಳಲ್ಲಿ. 2024ರಲ್ಲಿ ನಮ್ಮ ರಾಜ್ಯ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂತು. ಮೂರು ವಿಷಯ ಓದುವ ಹಳೇ ರೂಢಿಯೂ ಅದರ ಜೊತೆ ವಾಪಸ್ ಬಂತು. ಅಂದರೆ ಪಕ್ಕದ ಆ ಎರಡು ವಿಷಯ ಸುಮ್ನೆ ಹೆಸರಿಗಲ್ಲ, ಮೂರು ವರ್ಷ ಅವುಗಳ ಜೊತೆಯೇ ಬಾಳಬೇಕು.

ನಿಮ್ಮ ಮನೆಯ ಕಬ್ಬಿನ ಲೆಕ್ಕವನ್ನೇ ತಗೋ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ ಘೋಷಿಸಿತು. ಶೇ 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಈ ದರ. ರಿಕವರಿ ಅದಕ್ಕಿಂತ ಶೇ 0.1 ಏರಿದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಜಾಸ್ತಿ. ಕಾರ್ಖಾನೆಯ ರಿಕವರಿ ಶೇ 11.25 ಇದೆ ಅನ್ನು. ಹತ್ತು ಮೆಟ್ಟಿಲು ಮೇಲೆ, ಅಂದರೆ 34 ರೂಪಾಯಿ 60 ಪೈಸೆ ಸೇರಿ ಕ್ವಿಂಟಲ್‌ಗೆ 389.60, ಟನ್ನಿಗೆ 3,896. ಆದರೆ ನಿಮ್ಮಪ್ಪನ ಕೈಗೆ ಅಷ್ಟು ಬರುವುದಿಲ್ಲ. ಕಟಾವು, ಸಾಗಾಣಿಕೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. ಇನ್ನೂ ಒಂದು ಮಾತಿದೆ. ಲೆಕ್ಕಕ್ಕೆ ಹಿಡಿಯುವ ರಿಕವರಿ ನಿಮ್ಮ ಹೊಲದ್ದಲ್ಲ. ಅದು ಆ ಕಾರ್ಖಾನೆಯ ಹಿಂದಿನ ಹಂಗಾಮಿನ ಸರಾಸರಿ. ನಿಮ್ಮಪ್ಪ ಎಷ್ಟೇ ಒಳ್ಳೆ ಕಬ್ಬು ಬೆಳೆದರೂ, ಪಕ್ಕದ ಹೊಲದವ ಬಾಡಿದ ಕಬ್ಬು ಕಳಿಸಿದರೂ ದರ ಒಂದೇ.

ಇಲ್ಲಿ ಎರಡು ಥರದ ಪ್ರಶ್ನೆ ಏಳುತ್ತವೆ, ಅಲ್ವಾ? ಬೆಲೆಯನ್ನು ಸರ್ಕಾರ ಯಾಕೆ ಕಟ್ಟಬೇಕು? 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಟಾವು, ಸಾಗಾಣಿಕೆ ಕಳೆದು ಟನ್ನಿಗೆ 3,500 ಕೊಡಿ ಅಂತ ಕೂತಾಗ ಕೊನೆಗೆ ಅದು 3,300ಕ್ಕೆ ಬಂದು ನಿಂತದ್ದು ಹೇಗೆ? ಕೇಂದ್ರದ ಮಾತು ಎಷ್ಟು, ರಾಜ್ಯದ ಮಾತು ಎಷ್ಟು, ಕಾರ್ಖಾನೆ ಮಾಲೀಕರ ಮಾತು ಎಷ್ಟು? ಇದಕ್ಕೆ ಇತಿಹಾಸ, ರಾಜ್ಯಶಾಸ್ತ್ರ ಬೇಕು. ಎರಡನೇ ಥರದ್ದು: ಸರಾಸರಿ ರಿಕವರಿ ಹಿಡಿದರೆ ಯಾವ ರೈತನಿಗೆ ಎಷ್ಟು ನಷ್ಟ? ಎಕರೆಗೆ ನಿಜವಾಗಿ ಬಿದ್ದ ಖರ್ಚೆಷ್ಟು, ಅದನ್ನು ತಿಳಿಯಲು ಎಷ್ಟು ರೈತರನ್ನು, ಯಾರನ್ನು ಕೇಳಬೇಕು? ಇದಕ್ಕೆ ಸಂಖ್ಯಾಶಾಸ್ತ್ರ ಬೇಕು. ದೆಹಲಿಯಲ್ಲಿ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಅಂತ ಇದೆ. ಎಫ್‌ಆರ್‌ಪಿ ಶಿಫಾರಸು ಮಾಡುವುದು ಅದೇ. ನಿಮ್ಮಪ್ಪನ ಬೇಜಾರಿಗೆ ಉತ್ತರ ಇಲ್ಲೇ ಇದೆ: ಅವರ ಕಬ್ಬಿನ ದರದ ಲೆಕ್ಕ ಹಾಕುವುದು ಅರ್ಥಶಾಸ್ತ್ರ ಓದಿದವರೇ.

ಈಗ ಕೆಲಸದ ಮಾತು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ‘ಅರ್ಥಶಾಸ್ತ್ರಜ್ಞರು ಬೇಕಾಗಿದ್ದಾರೆ’ ಅಂತ ಯಾರೂ ಬೋರ್ಡ್ ಹಾಕಿಲ್ಲ. ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಸಹಕಾರಿ ಬ್ಯಾಂಕುಗಳಲ್ಲಿ ಲೆಕ್ಕದ ಕೆಲಸಕ್ಕೆ ಬಿ.ಕಾಂ. ಓದಿದವರನ್ನೇ ಮೊದಲು ಕರೆಯುತ್ತಾರೆ. ಹಾಗಾಗಿ ಅರ್ಥಶಾಸ್ತ್ರ ಓದಿದವರಿಗೆ ಇರುವ ದಾರಿಗಳು ಇವು: ಸ್ಪರ್ಧಾತ್ಮಕ ಪರೀಕ್ಷೆ, ಮೇಷ್ಟ್ರ ಕೆಲಸ, ಇಲ್ಲವೇ ಊರು ಬಿಟ್ಟು ಬೆಂಗಳೂರು, ಪುಣೆ. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ಯಾರನ್ನೂ ಬೈಯಬೇಕಾಗಿಲ್ಲ.

ಕೆಎಎಸ್, ಐಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ. ಬ್ಯಾಂಕ್ ಅಧಿಕಾರಿ (ಪಿಒ) ಪರೀಕ್ಷೆಗೂ ಅಷ್ಟೇ. ನಿನ್ನ ಮಾವ ಹೇಳಿದ್ದರಲ್ಲಿ ತಪ್ಪಿಲ್ಲ, ಬಿ.ಎ.ಯಲ್ಲಿ ಓದುವ ಇತಿಹಾಸ, ರಾಜ್ಯಶಾಸ್ತ್ರ ಆ ಪರೀಕ್ಷೆಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಆದರೆ ಅವರು ಹೇಳದ ಮಾತೂ ಇದೆ. ಈ ಪರೀಕ್ಷೆಗಳಲ್ಲಿ ಎಂಜಿನಿಯರಿಂಗ್ ಓದಿದವರೂ, ಡಾಕ್ಟರುಗಳೂ ನಿನ್ನ ಪಕ್ಕದ ಬೆಂಚಿನಲ್ಲೇ ಕೂರುತ್ತಾರೆ. ಯಾವ ಪದವಿಯಾದರೂ ಸಾಕು ಅನ್ನುವ ಕಡೆ ನಿನ್ನ ಪದವಿಗೆ ವಿಶೇಷ ಬೆಲೆ ಇರುವುದಿಲ್ಲ. ನಾನು ನೋಡುವುದು, ‘ಇಂಥದ್ದೇ ಓದಿರಬೇಕು’ ಅಂತ ಕೇಳುವ ಹುದ್ದೆಗಳನ್ನು. ಅಲ್ಲಿ ಸಾಲು ಚಿಕ್ಕದು.

ಅಂಥದ್ದರಲ್ಲಿ ದೊಡ್ಡದು ಯುಪಿಎಸ್‌ಸಿ ನಡೆಸುವ ಐಇಎಸ್ ಮತ್ತು ಐಎಸ್‌ಎಸ್. ಮೊದಲನೆಯದು ಭಾರತೀಯ ಆರ್ಥಿಕ ಸೇವೆ, ಎರಡನೆಯದು ಭಾರತೀಯ ಸಾಂಖ್ಯಿಕ ಸೇವೆ. ಎರಡಕ್ಕೂ ಒಂದೇ ಅಧಿಸೂಚನೆ, ವಯಸ್ಸು 21ರಿಂದ 30. ಐಇಎಸ್ ಬರೆಯಲು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ಐಎಸ್‌ಎಸ್‌ಗೆ ಹಾಗಲ್ಲ. ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು. ಅಂದರೆ ಬಿ.ಎಸ್ಸಿ. ಮುಗಿಸಿ, 21 ತುಂಬಿದ ಕೂಡಲೇ ಐಎಸ್‌ಎಸ್ ಬರೆಯಬಹುದು. ಆಮೇಲೆ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದರೆ ಐಇಎಸ್ ಬಾಗಿಲೂ ತೆರೆಯುತ್ತದೆ. ಇತಿಹಾಸ, ರಾಜ್ಯಶಾಸ್ತ್ರದ ಬಿ.ಎ. ಆದರೆ ಎಂ.ಎ. ಆಗುವವರೆಗೆ ಕಾಯಬೇಕು, ಐಎಸ್‌ಎಸ್ ಅಂತೂ ಸಿಗುವುದೇ ಇಲ್ಲ. ಆದರೆ ಹುದ್ದೆ ಕಡಿಮೆ. 2024ರಲ್ಲಿ ಇಡೀ ದೇಶಕ್ಕೆ ಐಇಎಸ್‌ಗೆ ಕರೆದದ್ದು 18, ಐಎಸ್‌ಎಸ್‌ಗೆ 30. ಇದೊಂದನ್ನೇ ನಂಬಿ ಕೂರಬೇಡ.

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಅನ್ನುವ ಹುದ್ದೆ ಇದೆ. ಪಿಯುಸಿ ಗಣಿತದಲ್ಲಿ ಶೇ 60 ಇರಬೇಕು, ಇಲ್ಲವೇ ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿರಬೇಕು. ನಿನ್ನ 78 ನೋಡಿದರೆ ನೀನು ಬಿ.ಎ. ಮಾಡಿದರೂ ಅರ್ಜಿ ಹಾಕಬಹುದು. ಖುಷಿ ಪಡುವ ಮೊದಲು ಇನ್ನೊಂದು ಸಾಲು ಓದು. ಆ ಹುದ್ದೆಗೆ ಸಂಖ್ಯಾಶಾಸ್ತ್ರದ ಬೇರೆ ಪೇಪರ್ ಬರೆಯಬೇಕು. ಅರ್ಜಿ ಹಾಕುವುದು ಬೇರೆ, ಆ ಪೇಪರ್ ಬಿಡಿಸುವುದು ಬೇರೆ. ಮೂರು ವರ್ಷ ತರಗತಿಯಲ್ಲಿ ಕೂತು ಓದಿದವಳಿಗೂ, ಕೋಚಿಂಗ್ ನೋಟ್ಸ್ ತಿರುವಿ ಹೋದವಳಿಗೂ ಅಲ್ಲಿ ಅಜಗಜಾಂತರ.

ರಿಸರ್ವ್ ಬ್ಯಾಂಕಿನಲ್ಲಿ ಆರ್ಥಿಕ ಸಂಶೋಧನೆ ನೋಡಿಕೊಳ್ಳುವ ವಿಭಾಗಕ್ಕೆ ಗ್ರೇಡ್ ಬಿ ಅಧಿಕಾರಿಗಳನ್ನು ಬೇರೆಯಾಗಿಯೇ ತಗೋತಾರೆ, ಅದಕ್ಕೆ ಅರ್ಥಶಾಸ್ತ್ರದ ಎಂ.ಎ. ಬೇಕು. ಪಿಯು ಉಪನ್ಯಾಸಕಿ ಆಗಬೇಕಾದರೆ ಎಂ.ಎ. ಜೊತೆ ಬಿ.ಎಡ್., ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಈ ಮೂರೂ ಎರಡೂ ದಾರಿಯಿಂದ ಸಿಗುತ್ತವೆ. ಮೇಷ್ಟ್ರ ಕೆಲಸವೇ ನಿನ್ನ ಗುರಿಯಾದರೆ ಬಿ.ಎ. ಓದಿದ್ದರಿಂದ ಏನೂ ಕಳಕೊಳ್ಳುವುದಿಲ್ಲ.

ಕಳಕೊಳ್ಳುವುದು ಎಲ್ಲಿ ಗೊತ್ತಾ? ಎಂ.ಎ. ಪ್ರವೇಶದಲ್ಲಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಇಲ್ಲೆಲ್ಲ ಬಿ.ಎ. ಆದವರೂ ಎಂ.ಎ. ಓದುತ್ತಾರೆ. ಆದರೆ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್, ಪುಣೆಯ ಗೋಖಲೆ ಸಂಸ್ಥೆ ಇಂಥ ಕಡೆ ತರಗತಿಯ ಮೊದಲ ವಾರದಿಂದಲೇ ಕ್ಯಾಲ್ಕುಲಸ್ ಬಲ್ಲವಳು ಅಂತಲೇ ಪಾಠ ಶುರು ಮಾಡುತ್ತಾರೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ನಾತಕೋತ್ತರ ಅರ್ಥಶಾಸ್ತ್ರದ ಪ್ರವೇಶ ಪರೀಕ್ಷೆಯಲ್ಲಿ ಇಡೀ ಒಂದು ಪೇಪರ್ ಗಣಿತವೇ. ಮೂರು ವರ್ಷ ಗಣಿತ ಮುಟ್ಟದೆ ಇದ್ದವರು ಮತ್ತೆ ಹಿಡಿಯುವುದು ಬಹಳ ಕಷ್ಟ. ಇತಿಹಾಸ ಹಾಗಲ್ಲ, ಬಿ.ಎಸ್ಸಿ. ಓದುತ್ತಲೇ ರಾತ್ರಿ ಕೂತು ಓದಬಹುದು. ನಾನು ಬಿ.ಎಸ್ಸಿ. ಕಡೆ ವಾಲಲು ಮುಖ್ಯ ಕಾರಣ ಇದು.

ಬೆಂಗಳೂರಿನ ಕಂಪನಿಗಳ ಅನಾಲಿಟಿಕ್ಸ್ (ಅಂಕಿಅಂಶ ವಿಶ್ಲೇಷಣೆ) ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಎಕ್ಸೆಲ್, ಪೈಥಾನ್, ‘ಆರ್’ (R) ಅನ್ನುವ ಕಂಪ್ಯೂಟರ್ ಸಾಧನಗಳು ಬರುತ್ತಾ ಅಂತ ಕೇಳುತ್ತಾರೆ. ಸಂಖ್ಯಾಶಾಸ್ತ್ರ ಓದಿದವಳಿಗೆ ಇವು ಬೇಗ ಹಿಡಿತಕ್ಕೆ ಬರುತ್ತವೆ.

ಬಿ.ಎ. ಪರವಾಗಿಯೂ ಎರಡು ಮಾತು ಆಡಬೇಕು, ಇಲ್ಲದಿದ್ದರೆ ಅನ್ಯಾಯ. ಹಳೇ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು, ಅಲ್ಲಿನ ಜನ ನವನಗರಕ್ಕೆ ಬಂದರು. ಪರಿಹಾರ ಯಾರಿಗೆ ಎಷ್ಟು ಸಿಕ್ಕಿತು, ಅಂಗಡಿ ಇಟ್ಟವನ ಗಿರಾಕಿ ಏನಾದರು, ಆ ದುಡ್ಡಲ್ಲಿ ಹೊಲ ಕೊಂಡವರು ಎಷ್ಟು, ಮದುವೆಗೆ ಖರ್ಚು ಮಾಡಿದವರು ಎಷ್ಟು? ಈ ಅರ್ಥಶಾಸ್ತ್ರ ಬರೀ ಸೂತ್ರ ಬಲ್ಲವಳಿಗೆ ಕಾಣಿಸುವುದಿಲ್ಲ. ಲೆಕ್ಕ ಸರಿ ಇದ್ದು ಪ್ರಶ್ನೆಯೇ ತಪ್ಪಾದ ಎಷ್ಟೋ ವರದಿ ನಮ್ಮ ಪತ್ರಿಕೆಯ ಮೇಜಿಗೂ ಬರುತ್ತವೆ. ಗಣಿತದ ಪುಸ್ತಕ ತೆರೆದರೆ ನಿನಗೆ ಹೊಟ್ಟೆ ತೊಳೆಸುವ ಹಾಗಾಗುತ್ತದೆ, 78 ಬಂದದ್ದು ಉರು ಹೊಡೆದು ಅನ್ನುವುದಾದರೆ, ಬಿ.ಎ.ಗೇ ಹೋಗು. ಬೇಕಿಲ್ಲದ ಬಿ.ಎಸ್ಸಿ.ಯಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡು ಕೂರುವುದಕ್ಕಿಂತ ಮನಸಿಟ್ಟು ಓದಿದ ಬಿ.ಎ. ಎಷ್ಟೋ ಮೇಲು.

ಕನ್ನಡ ಮಾಧ್ಯಮ ಅಂತ ನೀನು ಒಂದೇ ಸಾಲು ಬರೆದಿದ್ದೀಯ, ಆದರೆ ನಿನ್ನ ನಿಜವಾದ ಅಳುಕು ಇಂಗ್ಲಿಷಿನದೇ ಅಂತ ನನಗನಿಸಿತು. ಪಿಯುಸಿ ಫಿಸಿಕ್ಸ್, ಕೆಮಿಸ್ಟ್ರಿಯನ್ನು ಎರಡು ವರ್ಷ ಇಂಗ್ಲಿಷಿನಲ್ಲೇ ಓದಿ ಪಾಸಾಗಿದ್ದೀಯ. ಗಣಿತ, ಸಂಖ್ಯಾಶಾಸ್ತ್ರದಲ್ಲಿ ಅದಕ್ಕಿಂತ ಕಡಿಮೆ ಇಂಗ್ಲಿಷ್ ಸಾಕು, ಅಲ್ಲಿ ಮಾತಿಗಿಂತ ಚಿಹ್ನೆ ಜಾಸ್ತಿ. ಕಷ್ಟ ಆಗುವುದು ಅರ್ಥಶಾಸ್ತ್ರದ ಪೇಪರಿನಲ್ಲಿ, ಅಲ್ಲಿ ಪುಟಗಟ್ಟಲೆ ಬರೆಯಬೇಕು. ದಿನಕ್ಕೊಂದು ಪುಟ ಇಂಗ್ಲಿಷ್ ಪೇಪರಿನ ಆರ್ಥಿಕ ಸುದ್ದಿ ಓದಿ, ಅದನ್ನೇ ನಿನ್ನ ಮಾತಿನಲ್ಲಿ ಐದು ಸಾಲು ಬರಿ. ಕೆಎಎಸ್, ಐಎಎಸ್ ಮುಖ್ಯ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು. ಐಇಎಸ್, ಐಎಸ್‌ಎಸ್ ಮಾತ್ರ ಇಂಗ್ಲಿಷಿನಲ್ಲೇ. ಆ ಕಡೆ ಕಣ್ಣಿದ್ದರೆ ಇಂಗ್ಲಿಷನ್ನು ಎಂ.ಎ.ವರೆಗೆ ಮುಂದೂಡಬೇಡ.

ಕೊನೆಗೆ, ಬೆಳಗಾವಿಗೆ ಹೋಗಿ ಫೀ ಕಟ್ಟುವ ಮೊದಲು ಕಾಲೇಜಿನ ಆಫೀಸಿನಲ್ಲಿ ಕೇಳಬೇಕಾದ್ದು ಒಂದಿದೆ. ಪ್ರಾಸ್ಪೆಕ್ಟಸ್‌ನಲ್ಲಿ ಈ ಮೂರು ವಿಷಯ ಒಟ್ಟಿಗೆ ಇರಬಹುದು. ಆದರೆ ಹುಡುಗರು ಸಾಲದೇ ಹೋದರೆ ಕಾಲೇಜುಗಳು ಅಂಥ ಕಾಂಬಿನೇಶನ್ ನಡೆಸುವುದಿಲ್ಲ, ‘ಈ ವರ್ಷ ಕಂಪ್ಯೂಟರ್ ಸೈನ್ಸ್ ತಗೊಳ್ಳಮ್ಮ’ ಅಂತಾರೆ. ಹಿಂದಿನ ವರ್ಷ ಎಷ್ಟು ಜನ ಇದ್ದರು, ಸಂಖ್ಯಾಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರಾ, ಎರಡನ್ನೂ ಕೇಳು. ಆಫೀಸಿನವರ ಮಾತನ್ನಷ್ಟೇ ನಂಬದೆ ಎರಡನೇ ವರ್ಷದ ಹುಡುಗಿಯರನ್ನೂ ಮಾತಾಡಿಸು. ಅಪ್ಪನನ್ನೂ ಜೊತೆಗೆ ಕರಕೊಂಡು ಹೋಗು. ಅಲ್ಲಿ ಸಂಖ್ಯಾಶಾಸ್ತ್ರ ನಡೆಯುತ್ತಿಲ್ಲ ಅಂತ ಗೊತ್ತಾದರೆ ಹಾಸ್ಟೆಲ್ ಖರ್ಚು ಮಾಡುವ ಅಗತ್ಯ ಇಲ್ಲ. ಊರ ಹತ್ತಿರದ ಬಿ.ಎ.ಗೆ ಸೇರಿ, ಪಿಯುಸಿ ಗಣಿತದ ಪುಸ್ತಕ ರದ್ದಿಗೆ ಹಾಕದೆ ಇಟ್ಟುಕೋ.