ಎತ್ತಬೇಡ ಎಂಬ ಉಪಚಾರ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಮನೆಗಳಲ್ಲಿ ಪದೇ ಪದೇ ಕಾಣುವ ಸಮಸ್ಯೆಯಿದು. ಹೆಸರು, ವಿವರ ಬದಲಿಸಿದೆ. ಸರೋಜಮ್ಮನಿಗೆ 54. ಎಡಸ್ತನ, ಕಂಕುಳ ಗ್ರಂಥಿಗಳ ಆಪರೇಷನ್, ಕೀಮೋ, ರೇಡಿಯೇಶನ್ ಮುಗಿದು ಏಳು ತಿಂಗಳು. ಸುಸ್ತು, ನಿದ್ದೆಯಿಲ್ಲ, ಮಾತಿಲ್ಲ ಎಂದು ಗಂಡ ನನ್ನ ಬಳಿ ಆಪ್ತಸಲಹೆಗೆ ಕರೆತಂದಿದ್ದರು.

ಎರಡನೇ ಭೇಟಿಯಲ್ಲಿ ನೀರಿನ ಲೋಟ ಅವರ ಎಡಕ್ಕಿತ್ತು. ಬಲಗೈಯನ್ನು ಮೈಗಡ್ಡವಾಗಿ ಚಾಚುವಷ್ಟರಲ್ಲಿ ಗಂಡ ಎದ್ದು ಲೋಟವನ್ನು ಬಲಕ್ಕೆ ಸರಿಸಿದರು. "ಕೈ ಊದ್ಕೊಳ್ಳುತ್ತೆ ಅಂದಿದ್ದಾರೆ ಮೇಡಂ, ಅದಕ್ಕೇ ಏನೂ ಎತ್ತೋಕೆ ಬಿಡಲ್ಲ."

ಸರೋಜಮ್ಮ ಮೊದಲ ಸಲ ದನಿಯೇರಿಸಿದರು: "ಕೊಡ ಬೇಡ, ಕುಕ್ಕರ್ ಬೇಡ, ಮೊಮ್ಮಗೂನೂ ಬೇಡ. ಈಗ ರವಿಕೆ ತೊಡಿಸೋಕೂ ಸೊಸೆ ಬರ್ಬೇಕು. ವಾಸಿಯಾಯ್ತು ಅಂತೀರಲ್ಲ, ಏನು ವಾಸಿಯಾಯ್ತು?"

ಆಪ್ತಸಲಹೆಯಲ್ಲಿ ವ್ಯಾಯಾಮದ ಮಾತೇಕೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಸರೋಜಮ್ಮನ ದುಃಖ ಇದ್ದದ್ದೇ ಆ ಕೈಯಲ್ಲಿ. ಗ್ರಂಥಿ ತೆಗೆದ ಕಡೆ ದುಗ್ಧರಸ (ಆ ಗ್ರಂಥಿಗಳ ಮೂಲಕ ಹರಿಯುವ ದ್ರವ, ಲಿಂಫ್) ನಿಂತು ಬಾವು ಬರುವ ಅಪಾಯ ನಿಜ. ಆದರೆ ಸ್ನಾಯು ಬಿಗಿದು ಸಡಿಲಿದರೆ ಆ ರಸ ಮೇಲಕ್ಕೆ ಹರಿಯುತ್ತದೆ, ಆಡಿಸದ ಭುಜವೋ ಬಿಗಿದುಕೊಳ್ಳುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇದ್ದವರು ಆಗಲೇ ಬಾವಿದ್ದ 141 ಮಹಿಳೆಯರು. ನಿಧಾನವಾಗಿ ಭಾರ ಏರಿಸಿದವರಲ್ಲಿ ಬಾವು ಉಲ್ಬಣಿಸಿದ್ದು ಶೇ 14, ಉಳಿದವರಲ್ಲಿ ಶೇ 29.

ಡಾಕ್ಟರು, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಶುರುವಾದದ್ದು ಹೀಗೆ: ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲೇರಿಸುವುದು, ದಿನಕ್ಕೆರಡು ಸಲ, ಹತ್ತತ್ತು ಬಾರಿ. ಎರಡು ವಾರದ ನಂತರ ಲೀಟರ್ ಬಾಟಲಿಗೆ ಅರ್ಧ ನೀರು ತುಂಬಿ, ಮೊಣಕೈ ಮಡಚಿ ಹತ್ತು ಸಲ ಎತ್ತುವುದು, ವಾರಕ್ಕೆರಡು ದಿನ, ನಡುವೆ ಬಿಡುವು. ಎರಡು ಸಲ ತೊಂದರೆಯಾಗದಿದ್ದರೆ 100 ಎಂಎಲ್ ಸೇರಿಸುವುದು. ಜತೆಗೆ ಹತ್ತು ನಿಮಿಷದ ನಡಿಗೆ, ಕ್ರಮೇಣ ಮೂವತ್ತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಹೆಚ್ಚಿನವರು ಎಡವುವುದು ಹುಷಾರೆನಿಸಿದ ದಿನ: ತುಂಬಿದ ಕೊಡ ಎತ್ತಿ ಮೂರು ದಿನ ಮಲಗುತ್ತಾರೆ.

ಗಂಡನಿಗೂ ಕೆಲಸ ಕೊಟ್ಟೆ. ಲೋಟ ಸರಿಸಕೂಡದು, ಭಾನುವಾರ ಬೆಳಿಗ್ಗೆ ಮೊಣಕೈಯಿಂದ 10 ಸೆಂ.ಮೀ. ಮೇಲೆ, ಕೆಳಗೆ ಟೇಪು ಹಿಡಿದು ಅಳತೆಯನ್ನು ಕ್ಯಾಲೆಂಡರಿನಲ್ಲಿ ಬರೆಯಬೇಕು. ಬಳೆ ಬಿಗಿಯಾದರೆ, ಕೈ ಕೆಂಪಾದರೆ, ಜ್ವರ ಬಂದರೆ ಬಾಟಲಿ ಕೆಳಗಿಟ್ಟು ಅಂದೇ ಆಸ್ಪತ್ರೆಗೆ.

"ಇಷ್ಟು ಮಾಡಿದ್ರೆ ಕ್ಯಾನ್ಸರ್ ಮತ್ತೆ ಬರಲ್ವಾ?" ಎಂದರು ಸರೋಜಮ್ಮ. ಆ ಭರವಸೆ ಕೊಡಲಿಲ್ಲ. 2025ರಲ್ಲಿ ಪ್ರಕಟವಾದ 889 ಜನರ ಪ್ರಯೋಗದಲ್ಲಿ, ಮೂರು ವರ್ಷ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಕಡಿಮೆ. ಆದರೆ ಅದು ದೊಡ್ಡಕರುಳಿನ ಕ್ಯಾನ್ಸರ್, ಸ್ತನದ್ದಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಮೊಮ್ಮಗುವಿನ ತೂಕ 9 ಕೆಜಿ. ನೆಲದಿಂದ ಎತ್ತಲು ಇನ್ನೂ ತಿಂಗಳುಗಳು ಬೇಕು. ಕುಳಿತು ಮಡಿಲಿಗೆ ಹಾಕಿಕೊಳ್ಳಲು ಅಂದೇ ಅಡ್ಡಿಯಿರಲಿಲ್ಲ.